ನರ್ಸಮ್ಮನ ಹೆಸರು ಪಾರ್ಕಿಗೆ ಬಂದದ್ದು ಹೀಗೆ

"ಇದೆಲ್ಲ ಆಗೋ ಮಾತಲ್ಲ ಬಿಡಿ" ಅಂದಿದ್ದವರೇ ಈಗ ಫೋನ್ ಮಾಡಿ "ಅರ್ಜಿ ಹೇಗೆ ಬರೆದ್ರಿ ಸಾರ್" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಅದಕ್ಕೇ, ನಮ್ಮ ಬಡಾವಣೆಯ ಪಾರ್ಕಿಗೆ ಒಬ್ಬ ನರ್ಸಮ್ಮನ ಹೆಸರು ಇಡಿಸಿದ್ದು ಹೇಗೆ ಅಂತ ಬರೆಯುತ್ತಿದ್ದೇನೆ. ಬಡಾವಣೆ ಸಂಘಗಳಲ್ಲಿ ಓಡಾಡುವವರಿಗೆ ಇನ್‌ವರ್ಡ್ ನಂಬರು (ಅರ್ಜಿ ತಲುಪಿತು ಅಂತ ಕಚೇರಿ ಕೊಡುವ ಸಂಖ್ಯೆ), ಟಿಪ್ಪಣಿ ಹಾಳೆ (ಫೈಲಿನಲ್ಲಿ ಅಭಿಪ್ರಾಯ ಬರೆಯುವ ಹಾಳೆ), ಅಜೆಂಡಾ (ಸಭೆಗೆ ಬರುವ ವಿಷಯಗಳ ಪಟ್ಟಿ) ಇವೆಲ್ಲ ಗೊತ್ತೇ ಇರುತ್ತವೆ. ಅದನ್ನು ಹೆಚ್ಚು ವಿವರಿಸುವುದಿಲ್ಲ.

ನಮ್ಮದು ಮಹಾನಗರ ಪಾಲಿಕೆ ಇರುವ ಒಂದು ಜಿಲ್ಲಾ ಕೇಂದ್ರ. ಊರಿನ ಹೆಸರು ಬೇಡ, ಆ ಕಚೇರಿಯಲ್ಲಿ ನನಗೆ ಇನ್ನೂ ಕೆಲಸ ಇದೆ. ವಲಯ ಕಚೇರಿ ಎದುರಿಗೇ ನನ್ನ ಟೈಪಿಂಗ್, ಜೆರಾಕ್ಸ್ ಅಂಗಡಿ. ಜೊತೆಗೆ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ನಾವು ಗೌರವಿಸಬೇಕು ಅಂದುಕೊಂಡದ್ದು ಪಾಲಿಕೆ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷದ ಮೇಲೆ ದುಡಿದ ನರ್ಸಮ್ಮನನ್ನು. ರಿಟೈರ್ ಆದ ಮೇಲೂ ಮಧ್ಯರಾತ್ರಿ ಬಾಗಿಲು ತಟ್ಟಿದರೆ ಎದ್ದು ಬರುತ್ತಿದ್ದರು. ಬೈಯುತ್ತಲೇ ಬರುತ್ತಿದ್ದರು, ಆ ಮಾತು ಬೇರೆ.

ಮೊದಲು ಶುರುವಾದದ್ದು ಪುತ್ಥಳಿ ಹುಚ್ಚು. ನಮ್ಮ ಹುಡುಗರ ಸಂಘದವರು ಬಸ್ ಸ್ಟಾಪ್ ಪಕ್ಕದ ಸರ್ಕಲ್‌ನಲ್ಲಿ ಎದೆಮಟ್ಟದ ಮೂರ್ತಿ ಇಡೋಣ ಅಂದರು. ಶಿಲ್ಪಿ ಹತ್ತಿರ ಕೇಳಿಸಿದೆವು. ಕಂಚಿನದಾದರೆ ಮೂರೂವರೆ ಲಕ್ಷದ ಆಸುಪಾಸು, ಫೈಬರ್ ಆದರೆ ಅರವತ್ತು ಸಾವಿರ ಅಂದ. ಚಂದಾ ಎತ್ತಲು ಹೊರಟರೆ ಎರಡು ವಾರಕ್ಕೆ ಎಪ್ಪತ್ತು ಸಾವಿರ ಬಂತು. ಅರ್ಜಿ ಕೊಟ್ಟ ಮೇಲೆ ಪಾಲಿಕೆಯಲ್ಲಿ ಫೈಲು ನೋಡುವ ಸೆಕ್ಷನ್‌ನವರು ಒಂದು ಹಾಳೆ ತೋರಿಸಿದರು. ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಕೊಟ್ಟ ಆದೇಶ. ಸಾರ್ವಜನಿಕ ರಸ್ತೆ, ಫುಟ್‌ಪಾತ್, ಜನರ ಬಳಕೆಯ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದು ಅಂತ. "ಬೇರೆ ಕಡೆ ನಿಂತಿಲ್ವಾ?" ಅಂತ ಹುಡುಗರು ಜೋರು ಮಾಡಿದರು. ನಿಂತಿವೆ. ರಾತ್ರೋರಾತ್ರಿ ನಿಂತು, ಬೆಳಿಗ್ಗೆ ಪೊಲೀಸ್ ವ್ಯಾನ್ ಬಂದು, ವರ್ಷಗಟ್ಟಲೆ ಟಾರ್ಪಾಲು ಹೊದ್ದುಕೊಂಡಿವೆ. ನಮ್ಮ ನರ್ಸಮ್ಮನಿಗೆ ಆ ಗತಿ ಬೇಡ ಅಂತ ಕೈಬಿಟ್ಟೆವು.

ಚಂದಾ ಕೊಟ್ಟವರಲ್ಲಿ ಕೆಲವರು ದುಡ್ಡು ವಾಪಸ್ ಕೇಳಿದರು. ಕೊಟ್ಟುಬಿಟ್ಟೆವು. ಉಳಿದದ್ದು ಸುಮಾರು ಐವತ್ತು ಸಾವಿರ. ಅದನ್ನು ಬ್ಯಾಂಕಿನಲ್ಲಿ ಬೇರೆ ಖಾತೆ ಮಾಡಿ ಇಟ್ಟೆ. ನನ್ನ ಸಲಹೆ ಕೇಳುವುದಾದರೆ, ಕೆಲಸ ಆಗುವ ಮುಂಚೆ ಚಂದಾ ಎತ್ತುವವರಿಂದ ದೂರ ಇರಿ. ದುಡ್ಡು ಬಂದ ದಿನದಿಂದ ಮೀಟಿಂಗ್‌ನಲ್ಲಿ ಗೌರವದ ಮಾತು ನಿಂತು ಲೆಕ್ಕದ ಮಾತು ಶುರುವಾಗುತ್ತದೆ.

ಎರಡನೆಯದು ರಸ್ತೆ. ನಮ್ಮ ಅರವತ್ತಡಿ ರಸ್ತೆಗೆ ಅವರ ಹೆಸರಿಡಿ ಅಂತ ಕಾರ್ಪೊರೇಟರ್ ಕೈಲಿ ವಿಷಯ ಮಂಡಿಸಿದೆವು. ಆಗ ನರ್ಸಮ್ಮ ಇನ್ನೂ ಬದುಕಿದ್ದರು. ಸುದ್ದಿ ಕಿವಿಗೆ ಬಿದ್ದು ನನ್ನನ್ನು ಕರೆಸಿಕೊಂಡರು. "ಏನಪ್ಪಾ, ನಾನಿನ್ನೂ ಹೋಗಿಲ್ಲ, ಅಷ್ಟರಲ್ಲೇ ಬೋರ್ಡ್ ಹಾಕಿಸ್ತಿದ್ದೀಯಂತೆ? ಅದೇ ದುಡ್ಡಲ್ಲಿ ರಸ್ತೆ ಗುಂಡಿ ಮುಚ್ಚಿಸು" ಅಂದರು. ಬದುಕಿರುವವರ ಹೆಸರು ಇಡಬಾರದು ಅಂತ ಸಭೆಯಲ್ಲೂ ಒಬ್ಬರು ಎದ್ದರು. ಇನ್ನೊಬ್ಬ ಸದಸ್ಯರು ತಮ್ಮ ಸಮಾಜದ ಹಿರಿಯರ ಹೆಸರು ತಂದರು. ಮೂರನೆಯವರು ಸ್ವಾತಂತ್ರ್ಯ ಹೋರಾಟಗಾರರ ಹೆಸರು. ಕಡೆಗೆ "ವಿಷಯ ಮುಂದೂಡಲಾಗಿದೆ" ಅಂತ ಬರೆದರು. ಅದರ ಅರ್ಥ ನಿಮಗೆ ಗೊತ್ತೇ ಇದೆ, ಅಲ್ಲಿಗೆ ಮುಗೀತು ಅಂತ.

ಅದಕ್ಕಿಂತ ಗಟ್ಟಿ ವಿರೋಧ ಅಂಗಡಿಯವರದು. ಅವರಿಗೆ ನರ್ಸಮ್ಮನ ಮೇಲೆ ಸಿಟ್ಟೇನಿಲ್ಲ. ಜಿಎಸ್‌ಟಿ, ಟ್ರೇಡ್ ಲೈಸೆನ್ಸ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲದರಲ್ಲೂ ವಿಳಾಸ ಬದಲಿಸಬೇಕಲ್ಲ ಅನ್ನುವ ತಲೆನೋವು. ನ್ಯಾಯವೇ. ಮಂಗಳೂರಲ್ಲಿ 2017ರಲ್ಲಿ ಏನಾಯಿತು ನೋಡಿ. ಲೈಟ್‌ಹೌಸ್ ಹಿಲ್ ರಸ್ತೆಗೆ ವಿಜಯಾ ಬ್ಯಾಂಕಿನ ಮೂಲ್ಕಿ ಸುಂದರರಾಮ ಶೆಟ್ಟಿ ಅವರ ಹೆಸರಿಡಲು ಹೊರಟಾಗ ಬೀದಿಗಿಳಿದು ಜಗಳ ಆಯಿತು, ಸರ್ಕಾರ ತಡೆ ಕೊಟ್ಟಿತು. ಮೈಸೂರಲ್ಲಿ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ಸಿದ್ದರಾಮಯ್ಯ ಅವರ ಹೆಸರಿಡುವ ಪ್ರಸ್ತಾಪ 2024ರ ಕೊನೆಗೆ ಬಂದಾಗ, ಅದು ಮೊದಲಿನಿಂದ ಪ್ರಿನ್ಸೆಸ್ ರಸ್ತೆ ಅಂತ ಊರೇ ಎರಡು ಭಾಗವಾಯಿತು. ಮುಖ್ಯಮಂತ್ರಿಗೇ ಹೀಗಾದರೆ ನಮ್ಮ ನರ್ಸಮ್ಮ ಯಾವ ಲೆಕ್ಕ? ಅಪ್ಪು ಕಥೆ ಬೇರೆ. ಬೆಂಗಳೂರಿನ ನಾಯಂಡಹಳ್ಳಿಯಿಂದ ಬನ್ನೇರುಘಟ್ಟ ರಸ್ತೆವರೆಗೆ ಸುಮಾರು 12 ಕಿಲೋಮೀಟರ್ ರಿಂಗ್ ರಸ್ತೆಗೆ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರು ಬಂತು. ಆ ಹೆಸರಿಗೆ ಅಡ್ಡ ಮಾತಾಡುವ ಧೈರ್ಯ ಯಾರಿಗಿತ್ತು?

ರಸ್ತೆಯಲ್ಲಿ ಸೋತಾಗಲೇ ನನಗೆ ದಾರಿ ಹೊಳೆದದ್ದು. ಯಾರ ವಿಳಾಸದಲ್ಲೂ ಇಲ್ಲದ ಜಾಗ ಹಿಡಿಯಬೇಕು. ಹಳೆ ಹೆಸರೂ ಇರಬಾರದು, ಅಂಗಡಿಯೂ ಇರಬಾರದು. ಹೆರಿಗೆ ಆಸ್ಪತ್ರೆ ಹಿಂದಿನ ಪಾರ್ಕ್ ಹಾಗೇ ಇತ್ತು. ದಾಖಲೆಯಲ್ಲಿ ಬರೀ "ಉದ್ಯಾನವನ" ಅಂತ. ಬಾಣಂತಿಯರ ಕಡೆಯವರು ಊಟದ ಡಬ್ಬಿ ಬಿಚ್ಚಿ ಕೂರುವ ಜಾಗ. ನಾನು ಹೇಳಿದಾಗ ಸಂಘದಲ್ಲಿ ನಕ್ಕರು. "ಅಷ್ಟು ದೊಡ್ಡ ಮನುಷ್ಯರಿಗೆ ಇಷ್ಟೇ ಪಾರ್ಕಾ?" ಅಂದರು. ಈಗ ಅದೇ ಜನ ಕಟ್ಟೆ ಮೇಲೆ ಕೂತು ಸೆಲ್ಫಿ ತೆಗೆಸಿಕೊಳ್ಳುತ್ತಾರೆ.

ಅಷ್ಟರಲ್ಲಿ ನರ್ಸಮ್ಮ ತೀರಿಕೊಂಡರು. ಫೈಲು ಹೊಸದಾಗಿ ಶುರು. ಮೊದಲ ಹೊಡೆತ, ಪಾರ್ಕ್ ಪಾಲಿಕೆಯದಲ್ಲವೇ ಅಲ್ಲ! ಬಡಾವಣೆ ಮಾಡಿದ ನಗರಾಭಿವೃದ್ಧಿ ಪ್ರಾಧಿಕಾರ ರಸ್ತೆ, ಚರಂಡಿಗಳನ್ನು ಪಾಲಿಕೆಗೆ ಹಸ್ತಾಂತರ ಮಾಡಿತ್ತು. ಪಾರ್ಕಿನ ಕಾಗದ ಮಾತ್ರ ಅಲ್ಲೇ ಉಳಿದಿತ್ತು. ಕಸ ಗುಡಿಸುವವರು ಪಾಲಿಕೆಯವರು, ಮಾಲೀಕರು ಬೇರೆ. ನಿಮ್ಮ ಬಡಾವಣೆ ಪ್ರಾಧಿಕಾರದ್ದಾದರೆ ಮೊದಲು ಹಸ್ತಾಂತರ ಪಟ್ಟಿಯನ್ನು ಆರ್‌ಟಿಐನಲ್ಲಿ ತೆಗೆಸಿ. ಆರ್‌ಟಿಐಗೆ ಹತ್ತು ರೂಪಾಯಿ, ಹಾಳೆಗೆ ಎರಡು ರೂಪಾಯಿ. ನಮ್ಮ ಇಡೀ ಕೆಲಸದಲ್ಲಿ ಇದಕ್ಕಿಂತ ಚೆನ್ನಾಗಿ ಖರ್ಚಾದ ದುಡ್ಡಿಲ್ಲ. ಆ ಪಟ್ಟಿ ಇಟ್ಟುಕೊಂಡು ಎರಡು ಕಚೇರಿಗಳ ನಡುವೆ ಪತ್ರ ಓಡಾಡಿಸಿ ನಿರಾಕ್ಷೇಪಣಾ ಪತ್ರ ಪಡೆಯಲು ಒಂದು ಮಳೆಗಾಲ ಪೂರ್ತಿ ಹೋಯಿತು. ನಡುವೆ ಚುನಾವಣೆ ಬಂದರೆ ನೀತಿ ಸಂಹಿತೆ. 2024ರಲ್ಲಿ ಮಾರ್ಚ್ ಮಧ್ಯದಿಂದ ಜೂನ್ ಮೊದಲ ವಾರದವರೆಗೆ ಒಂದು ಸಹಿ ಕೂಡ ಬೀಳಲಿಲ್ಲ.

ಇನ್ನು ದಾಖಲೆ ವಿಷಯ. "ಹೆರಿಗೆ ಮಾಡಿಸಿದ ನರ್ಸು, ಅದು ಅವರ ಡ್ಯೂಟಿ ಅಲ್ವಾ, ವಿಶೇಷ ಏನು?" ಅಂತ ಸೆಕ್ಷನ್‌ನಲ್ಲಿ ಕೇಳಿದರು. ಸಿಟ್ಟು ಬಂತು, ಆದರೆ ನುಂಗಿಕೊಂಡೆ. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟ, 2018ರಲ್ಲಿ ಪದ್ಮಶ್ರೀ ಬಂದ ಸುದ್ದಿಗಳ ಪ್ರಿಂಟ್ ತೆಗೆದು ಫೈಲಿಗೆ ಹಾಕಿದೆ. ಹೆರಿಗೆ ಮಾಡಿಸಿದ ಕೈಗೆ ದೇಶವೇ ಕೈಮುಗಿದಿದೆ ಅಂತ ಟಿಪ್ಪಣಿಯಲ್ಲಿ ಒಂದು ಸಾಲು. ಆ ಪ್ರಶ್ನೆ ಮತ್ತೆ ಬರಲಿಲ್ಲ.

ಸಾಮಾನ್ಯವಾಗಿ ಎಲ್ಲರೂ ಸಹಿ ಸಂಗ್ರಹ ಮಾಡುತ್ತಾರೆ. ಸಾವಿರ ಸಹಿ ಕೊಟ್ಟರೂ ಯಾರೂ ತಿರುಗಿ ನೋಡುವುದಿಲ್ಲ. ನಾನು ಬೇರೆ ಮಾಡಿದೆ. ಆ ಆಸ್ಪತ್ರೆಯಲ್ಲಿ ನರ್ಸಮ್ಮನ ಕೈಯಲ್ಲಿ ಹುಟ್ಟಿದವರು ತಮ್ಮ ಜನನ ಪ್ರಮಾಣಪತ್ರದ ಜೆರಾಕ್ಸ್ ಹಿಂದೆ ನಾಲ್ಕು ಸಾಲು ಬರೆದು ಸಹಿ ಹಾಕಬೇಕು. ಅಷ್ಟೇ. ಜೆರಾಕ್ಸ್ ನನ್ನ ಅಂಗಡಿಯಲ್ಲಿ ಫ್ರೀ. ಇನ್ನೂರೈವತ್ತರ ಹತ್ತಿರ ಬಂದವು. ಟೋನರಿಗೇ ನನಗೆ ಎರಡು ಸಾವಿರ ಕೈಬಿಟ್ಟಿತು, ಪರವಾಗಿಲ್ಲ. ಅದರಲ್ಲಿ ಮಸೀದಿ ಬೀದಿಯವರು, ಚರ್ಚ್ ಹಿಂದಿನ ಲೈನಿನವರು, ಅಗ್ರಹಾರದವರು, ಪೌರಕಾರ್ಮಿಕರ ಕಾಲೊನಿಯವರು ಎಲ್ಲ ಇದ್ದರು. ಒಬ್ಬ ಹುಡುಗ ಬರೆದಿದ್ದ, "ನಾನು ಹುಟ್ಟಿದಾಗ ಅಳಲಿಲ್ಲವಂತೆ, ನರ್ಸಮ್ಮ ಎರಡು ಬಾರಿಸಿದ್ರಂತೆ, ಆಮೇಲೆ ನಾನು ಅಳು ನಿಲ್ಲಿಸಲಿಲ್ಲವಂತೆ." ಆ ಹಾಳೆಯನ್ನು ಬೇಕಂತಲೇ ಎಲ್ಲಕ್ಕಿಂತ ಮೇಲೆ ಇಟ್ಟೆ. ಮೇಲಧಿಕಾರಿ ನಕ್ಕದ್ದನ್ನು ನಾನೇ ಕಂಡೆ.

ಜಾತಿ ವಿಷಯ ಬರೆಯದಿದ್ದರೆ ಇದು ಸುಳ್ಳು ಬರಹ ಆಗುತ್ತದೆ. ಯಾವ ಹೆಸರು ಬಂದರೂ ಮೊದಲು ಕೇಳುವುದು "ಯಾವ ಪೈಕಿ?" ಅಂತ. ನರ್ಸಮ್ಮನ ಪೂರ್ತಿ ಹೆಸರಿನ ಕೊನೆಗೆ ಜಾತಿ ಸೂಚಕ ಇತ್ತು. ದೊಡ್ಡ ಮಗನಿಗೆ ಅದು ಬೋರ್ಡಿನಲ್ಲಿ ಬೇಕು. ಮಗಳಿಗೆ ಬೇಡ. ಕುಟುಂಬದ ಒಪ್ಪಿಗೆ ಪತ್ರ ಇಲ್ಲದೆ ಫೈಲು ಏಳುವುದಿಲ್ಲ. ಅವರ ಮನೆ ಜಗಲಿಯಲ್ಲಿ ಎಷ್ಟು ಕಾಫಿ ಕುಡಿದೆನೋ ಲೆಕ್ಕ ಇಲ್ಲ. ಕೊನೆಗೆ ಮಗಳೇ ಗೆದ್ದರು. ಮೊದಲ ಹೆಸರು, ಪಕ್ಕದಲ್ಲಿ "ನರ್ಸಮ್ಮ" ಅಂತ ನಿರ್ಧಾರವಾಯಿತು. ಮಗನನ್ನು ಒಪ್ಪಿಸಿದ್ದು ಹೇಗೆ ಅಂತ ನನ್ನನ್ನು ಕೇಳಬೇಡಿ, ಅದು ಅವರ ಮನೆ ಮಾತು.

ಈ ನಡುವೆ ಎರಡು ಚಿಲ್ಲರೆ ಪ್ರಯೋಗ ಮಾಡಿದ್ದೆವು. ಒಂದು, ಅವರು ಬದುಕಿದ್ದಾಗಲೇ ಅಂಚೆ ಇಲಾಖೆಯ ಮೈ ಸ್ಟಾಂಪ್. ಮುನ್ನೂರು ರೂಪಾಯಿಗೆ ಐದು ರೂಪಾಯಿಯ ಹನ್ನೆರಡು ಸ್ಟಾಂಪು, ನಾವು ಕೊಟ್ಟ ಅವರ ಫೋಟೋ ಜೊತೆ. ಹುಟ್ಟುಹಬ್ಬಕ್ಕೆ ಕೊಟ್ಟೆವು. ಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತಾರೆ ಅಂದುಕೊಂಡರೆ, ಪುಣ್ಯಾತ್ಗಿತ್ತಿ ಅದನ್ನೇ ಅಂಟಿಸಿ ಪಿಂಚಣಿ ಬಾಕಿ ಬಗ್ಗೆ ಕಚೇರಿಗೆ ಪತ್ರ ಹಾಕಿದರು! ಎರಡು, ಗೂಗಲ್ ಮ್ಯಾಪ್. ಪಾರ್ಕಿಗೆ ನಾವೇ ಹೆಸರು ಸೇರಿಸಿದೆವು. ಕೆಲವೇ ದಿನಕ್ಕೆ ಕಾಣಿಸಿತು. ಸರ್ಕಾರಕ್ಕಿಂತ ಗೂಗಲ್ ವಾಸಿ ಅಂತ ಹಿಗ್ಗಿದೆವು. ಒಂದು ತಿಂಗಳಲ್ಲಿ ಯಾರೋ ಅದನ್ನು "ಡಾಗ್ ಪಾರ್ಕ್" ಮಾಡಿದ್ದರು. ಆದರೆ ಆ ಕೆಲವು ವಾರ ಸ್ವಿಗ್ಗಿ ಹುಡುಗರು "ನರ್ಸಮ್ಮ ಪಾರ್ಕ್ ಹತ್ರ ಬಂದಿದ್ದೀನಿ ಸಾರ್" ಅಂತ ಫೋನ್ ಮಾಡುತ್ತಿದ್ದರು. ಅದರ ಸ್ಕ್ರೀನ್‌ಶಾಟೂ ಫೈಲಿಗೆ ಹೋಯಿತು.

ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದು, ಅವರ ಬದಲು ತೀರ್ಮಾನ ಮಾಡುವ ಆಡಳಿತಾಧಿಕಾರಿ ಬಂದರು. "ಕೌನ್ಸಿಲ್ಲೇ ಇಲ್ಲ, ಇನ್ನು ನಿಮ್ಮ ಕಥೆ ಮುಗೀತು" ಅಂದವರೇ ಜಾಸ್ತಿ. ನನ್ನ ಲೆಕ್ಕ ಉಲ್ಟಾ. ಎಲ್ಲರನ್ನೂ ಒಪ್ಪಿಸುವ ಬದಲು ಒಬ್ಬರ ಭಯ ಹೋಗಲಾಡಿಸಿದರೆ ಸಾಕು. ಅಧಿಕಾರಿಗಳು ಹೆಸರಿನ ಫೈಲಿಗೆ ಕೈ ಹಾಕುವುದಿಲ್ಲ, ಯಾಕಂದರೆ ನಾಳೆ ಗಲಾಟೆ ಆದರೆ ಅವರ ತಲೆಗೆ. ಹಾಗಾಗಿ ಮೂರು ಪಕ್ಷಗಳ ಮಾಜಿ ಸದಸ್ಯರಿಂದ "ನಮ್ಮ ವಿರೋಧ ಇಲ್ಲ" ಅಂತ ಪತ್ರ ಬರೆಸಿದೆ. ರಸ್ತೆ ವಿಷಯದಲ್ಲಿ ಅಡ್ಡ ನಿಂತಿದ್ದ ಸದಸ್ಯರ ಇಬ್ಬರು ಮಕ್ಕಳೂ ನರ್ಸಮ್ಮನ ಕೈಯಲ್ಲೇ ಹುಟ್ಟಿದ್ದರು. ಅವರ ಹೆಂಡತಿಯೇ ಜೆರಾಕ್ಸ್ ತಂದುಕೊಟ್ಟರು. ಇದಕ್ಕಿಂತ ಬೇರೆ ಶಿಫಾರಸು ಬೇಕೇ?

ಫೈಲು ಅಜೆಂಡಾಕ್ಕೆ ಹತ್ತಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಒಂದು ಪೈಸೆ ಕೊಟ್ಟಿಲ್ಲ, ಅಷ್ಟು ಹೇಳಬಲ್ಲೆ. ಯಾವ ವಾರ, ಯಾವ ಮೇಜಿನ ಹತ್ತಿರ, ಏನು ಹೇಳಬೇಕು ಅನ್ನುವುದು ಇಪ್ಪತ್ತು ವರ್ಷ ಆ ಕಚೇರಿ ಎದುರು ಕೂತು ಕಲಿತದ್ದು. ಅದನ್ನು ಸುಮ್ನೆ ಬರೆದುಕೊಡಲ್ಲ.

ಪಾರ್ಕಿಗೆ ಹೆಸರಿಡುವ ಬಗ್ಗೆ ಪತ್ರಿಕೆಯಲ್ಲಿ ಪಾಲಿಕೆಯ ಪ್ರಕಟಣೆ ಬಂತು. ಆಕ್ಷೇಪಣೆಗೆ ಮೂವತ್ತು ದಿನ. ಪ್ರಕಟಣೆ ಖರ್ಚು ನೀವು ಕೊಡಿ ಅಂತ ಕೇಳಬಹುದು, ಕೊಡಬೇಡಿ, ಅದು ಪಾಲಿಕೆಯದೇ. ಬಂದ ಆಕ್ಷೇಪಣೆ ಎರಡೋ ಮೂರೋ. ಒಂದು ಪಾರ್ಕಿನಲ್ಲಿ ಸೊಳ್ಳೆ ಜಾಸ್ತಿ ಅಂತ! ಅದಕ್ಕೂ ಉತ್ತರ ಬರೆಸಿ ಫಾಗಿಂಗ್ ಮಾಡಿಸಿದೆವು. ಮೇಲಿನ ಒಪ್ಪಿಗೆ ಬರುವುದು ತಡವಾಯಿತು, ಆದರೆ ಬಂತು.

ಉಳಿಸಿಟ್ಟ ಚಂದಾ ಆಗ ಕೆಲಸಕ್ಕೆ ಬಂತು. ಗ್ರಾನೈಟ್ ಕಲ್ಲು, ಅಕ್ಷರ ಕೆತ್ತನೆ, ಕಟ್ಟೆ ಸೇರಿ ಮೂವತ್ತೆರಡು ಸಾವಿರದ ಹತ್ತಿರ. ಶಾಮಿಯಾನ, ಮೈಕು, ಉಪ್ಪಿಟ್ಟು, ಕೇಸರಿಬಾತಿಗೆ ಇನ್ನೊಂದು ಹನ್ನೆರಡು. ಉಳಿದದ್ದರಲ್ಲಿ ಬಾಣಂತಿ ಕಡೆಯವರಿಗೆ ಎರಡು ಕಲ್ಲು ಬೆಂಚು. ಹೆಸರಿನ ಕಲ್ಲಿನಲ್ಲಿ ಅತಿಥಿಗಳ ಹೆಸರು ನರ್ಸಮ್ಮನ ಹೆಸರಿಗಿಂತ ದೊಡ್ಡದಾಗಿ ಕೆತ್ತಿಸಲು ಒತ್ತಡ ಬಂತು. ಕಲ್ಲಿನವನಿಗೆ ಅಳತೆ ನಾನೇ ಬರೆದುಕೊಟ್ಟಿದ್ದೆ. ಅತಿಥಿಗಳದು ಅರ್ಧ ಇಂಚು. ಕಾರ್ಯಕ್ರಮದ ದಿನ ನೋಡಿ ಒಬ್ಬರು ಮುಖ ಗಂಟಿಕ್ಕಿದರು. ಕಲ್ಲಲ್ಲವೇ, ಏನು ಮಾಡಲು ಸಾಧ್ಯ?

ಈಗ ಸಿಟಿ ಬಸ್ಸಿನವರಿಗೆ ಅರ್ಜಿ ಹಾಕಿದ್ದೇನೆ. ಸ್ಟಾಪಿನ ಹೆಸರು "ನರ್ಸಮ್ಮ ಪಾರ್ಕ್" ಆಗಬೇಕು ಅಂತ. ಇನ್‌ವರ್ಡ್ ನಂಬರು ಸಿಕ್ಕಿದೆ. ಆಗಲ್ಲ ಅಂತ ಈಗಾಗಲೇ ಇಬ್ಬರು ಹೇಳಿದ್ದಾರೆ.