ಚರ್ಚ್ ರಿಪೇರಿ: ದಾನಿಗಳ ಹಣ ನೀರುಪಾಲಾಗದಿರಲು
ಮೈಸೂರು, ಮಂಡ್ಯ ಕಡೆಯ ಹಳೇ ಚರ್ಚುಗಳಲ್ಲಿ ದೇಣಿಗೆ ಬಂದ ಕೂಡಲೇ ಬಣ್ಣ ಹೊಡೆಸುವ ಅವಸರ. ಬೇಡ. ಮೊದಲು ಸೂರಿನ ಸೋರಿಕೆ, ಆಮೇಲೆ ಅಂಗಳ, ಬಣ್ಣ ಕಡೆಗೆ.

ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಉಪ್ಪು ಉಬ್ಬಿ ಹಕ್ಕಳೆ ಏಳುತ್ತದೆ. 1 ಪಾಲು ಸುಣ್ಣಕ್ಕೆ 3 ಪಾಲು ಮರಳು ಕಲಸಿ ಬಳಿಸಿ. ಬಿಸಿಲಿಗೆ ಬಿರುಕು ಬಿಡದಂತೆ ವಾರವಾದರೂ ಒದ್ದೆ ಗೋಣಿ ಹೊದಿಸಿ.

ಅಂಗಳದಲ್ಲಿ ಜನ ಓಡಾಡುವ ಕಡೆ 60, ಕಾರು ನಿಲ್ಲುವ ಕಡೆ 80 ಮಿ.ಮೀ. ದಪ್ಪದ ಪೇವರ್ (ನೆಲಕ್ಕೆ ಹಾಸುವ ಕಾಂಕ್ರೀಟ್ ಬಿಲ್ಲೆ) ಹಾಕಿಸಿ. ಅಡಿಯ ಮಣ್ಣಿನ ದಮ್ಮಸ್ಸು (ಬಡಿದು ಗಟ್ಟಿ ಮಾಡುವುದು) ಸರಿಯಾಗದಿದ್ದರೆ ಮಳೆಗೆ ಕುಸಿಯುತ್ತದೆ. ಗೋಡೆಯಿಂದಾಚೆಗೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಇರಲಿ, ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿಸಿ, ಮೇಸ್ತ್ರಿಯ ಕಣ್ಣಳತೆ ಸಾಲದು.

ದಾನಿಗಳಿಗೆ ತಿಂಗಳಿಗೊಮ್ಮೆ ಬಂದದ್ದು, ಖರ್ಚು, ಬಾಕಿ ತಿಳಿಸಿ, ಪ್ರತಿಸಲ ಒಂದೇ ಜಾಗದಿಂದ ತೆಗೆದ ಫೋಟೊ ಸಮೇತ. ವಿದೇಶಿ ಹಣ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ತೆರೆದ ಎಫ್‌ಸಿಆರ್‌ಎ ಖಾತೆಗೇ ಬರಬೇಕು. ಊರಿನ ದೇಣಿಗೆಯ ಜತೆ ಬೆರೆಸುವಂತಿಲ್ಲ.