ತಿಂಗಳುಗಟ್ಟಲೆ ನಿಲ್ಲುವ ಕಾರಿನ ಬ್ಯಾಟರಿ ಡೌನ್ ಆಗದಂತೆ ಕಾಪಾಡುವ ಬಗೆ

ಅಮೆರಿಕದಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಆರು ತಿಂಗಳ ಮಟ್ಟಿಗೆ ಹೊರಡುವ ಬೆಂಗಳೂರಿನ ಹಿರಿಯರು ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡುತ್ತಾರೆ, ಫ್ರಿಜ್ ಖಾಲಿ ಮಾಡಿ ಒರೆಸಿಡುತ್ತಾರೆ, ಪೇಪರ್ ಹಾಕುವ ಹುಡುಗನಿಗೆ ಬೇಡವೆಂದು ಹೇಳುತ್ತಾರೆ. ಬೇಸ್‌ಮೆಂಟಿನಲ್ಲಿ ನಿಂತ ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಕೀಲಿಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, "ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಿ" ಎಂದು ಹೇಳಿ ವಿಮಾನ ಹತ್ತುತ್ತಾರೆ. ಬ್ಯಾಟರಿಯ ಮಟ್ಟಿಗೆ ಈ ಏರ್ಪಾಡಿನಿಂದ ಆಗುವ ಪ್ರಯೋಜನ ಬಹಳ ಕಡಿಮೆ. ಹೊರಡುವ ದಿನ ಒಂದು ಸ್ಪ್ಯಾನರ್ ಹಿಡಿದು ಮಾಡುವ ಹತ್ತು ನಿಮಿಷದ ಕೆಲಸ ಇದಕ್ಕಿಂತ ಚೆನ್ನಾಗಿ ಬ್ಯಾಟರಿಯನ್ನು ಉಳಿಸುತ್ತದೆ. ಅದು ಹೇಗೆಂಬುದು ಸ್ವಲ್ಪ ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ.

ಕೀಲಿ ತೆಗೆದು ಬಾಗಿಲು ಹಾಕಿದ ಮೇಲೂ ಕಾರು ಪೂರ್ತಿ ನಿದ್ರೆ ಮಾಡುವುದಿಲ್ಲ. ಅಲಾರಂ, ಸೆಂಟ್ರಲ್ ಲಾಕಿನ ರಿಸೀವರ್, ಗಡಿಯಾರ, ಎಂಜಿನ್ ಕಂಪ್ಯೂಟರಿನ ನೆನಪು ಇವೆಲ್ಲವೂ ಹಗಲಿರುಳು ತುಸು ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ. ಸುಸ್ಥಿತಿಯಲ್ಲಿರುವ ಕಾರಿನಲ್ಲಿ ಈ ಎಳೆತ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್‌ನಷ್ಟಿರುತ್ತದೆ. 30 ಮಿಲಿಆಂಪಿಯರ್ ಎಂದು ಹಿಡಿದರೆ ದಿನಕ್ಕೆ 0.72 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್), ವಾರಕ್ಕೆ ಸುಮಾರು 5 ಆಂಪಿಯರ್-ಅವರ್ ಖರ್ಚು. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿರುವ 35 ಆಂಪಿಯರ್-ಅವರ್ ಬ್ಯಾಟರಿ ಈ ಲೆಕ್ಕದಲ್ಲಿ 24 ದಿನಗಳಲ್ಲಿ ಅರ್ಧ ಬರಿದಾಗುತ್ತದೆ. 65 ಆಂಪಿಯರ್-ಅವರ್ ಬ್ಯಾಟರಿಯುಳ್ಳ ಡೀಸೆಲ್ ಕಾರು 45 ದಿನ ತಡೆಯುತ್ತದೆ, ಆದರೆ ಡೀಸೆಲ್ ಎಂಜಿನ್ನನ್ನು ತಿರುಗಿಸಲು ಬೇಕಾಗುವ ಬಲವೂ ಹೆಚ್ಚು. ಇದು ಹೊಸ ಬ್ಯಾಟರಿಯ ಮಾತು. ಮೂರು ವರ್ಷ ಹಳೆಯದಾದ ಬ್ಯಾಟರಿಯಲ್ಲಿ ಮೇಲೆ ಬರೆದಷ್ಟು ಸಾಮರ್ಥ್ಯ ಉಳಿದಿರುವುದಿಲ್ಲ. 2020ರ ಮಾರ್ಚ್ 25ರಂದು 21 ದಿನಗಳೆಂದು ಆರಂಭವಾದ ಲಾಕ್‌ಡೌನ್ ಮತ್ತೆ ಮತ್ತೆ ಮುಂದುವರಿದಾಗ ಅಷ್ಟೊಂದು ಮನೆಗಳ ಮುಂದೆ ಕಾರುಗಳು ಸೆಲ್ಫ್ ಎತ್ತದೆ "ಟಕ್ ಟಕ್" ಎನ್ನುತ್ತ ನಿಂತದ್ದು ಈ ಲೆಕ್ಕದಿಂದಲೇ.

ಈಗ ಐದು ನಿಮಿಷದ ಸ್ಟಾರ್ಟಿನ ಕಡೆ ಬರೋಣ. ಎಂಜಿನ್ ನಿಂತಲ್ಲೇ ಓಡುವಾಗ ಅದರ ಬಲದಿಂದ ತಿರುಗಿ ವಿದ್ಯುತ್ ತಯಾರಿಸುವ ಆಲ್ಟರ್ನೇಟರಿನಿಂದ ಬ್ಯಾಟರಿಗೆ 15 ಆಂಪಿಯರ್ ಸಿಕ್ಕಿತೆಂದು ಇಟ್ಟುಕೊಂಡರೂ ಐದು ನಿಮಿಷಕ್ಕೆ ಸೇರುವುದು 1.25 ಆಂಪಿಯರ್-ಅವರ್ ಮಾತ್ರ. ವಾರದಲ್ಲಿ ಹೋದ ಐದರ ಕಾಲು ಭಾಗ. ಅಂದರೆ ಪ್ರತಿ ವಾರವೂ ಬಾಕಿ ಬೆಳೆಯುತ್ತ ಹೋಗುತ್ತದೆ, ಒಂದು ದಿನ ನೆರೆಯವರು ಕೀಲಿ ತಿರುಗಿಸಿದಾಗ ಕಾರು ಮಾತನಾಡುವುದಿಲ್ಲ, ತಪ್ಪು ಅವರದೆಂಬಂತೆ ಅವರು ಫೋನ್ ಮಾಡಬೇಕಾಗುತ್ತದೆ. ಬ್ಯಾಟರಿ ಹೀಗೆ ಅರೆಬರೆ ತುಂಬಿದ ಸ್ಥಿತಿಯಲ್ಲಿಯೇ ವಾರಗಟ್ಟಲೆ ಉಳಿದರೆ ಅದರ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟಿ ಗಡುಸಾಗುತ್ತದೆ. ಹಾಗೆ ಗಡುಸಾದ ಭಾಗ ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಗಾಳಿಯಾಡದ ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುವ ಅಪಾಯವಂತೂ ಬೇರೆಯೇ ಇದೆ.

ಮೇಲಿನ 30 ಮಿಲಿಆಂಪಿಯರ್ ಕಂಪನಿಯಿಂದ ಬಂದ ಹಾಗೆಯೇ ಇರುವ ಕಾರಿನ ಲೆಕ್ಕ. ನಮ್ಮಲ್ಲಿ ಕಾರು ಕೊಂಡ ತಿಂಗಳೊಳಗೆ ಅದಕ್ಕೆ ಏನೇನೋ ಸೇರಿಸುವ ರೂಢಿಯಿದೆ. ಪಾರ್ಕಿಂಗ್ ಮೋಡಿನಲ್ಲಿ ಸದಾ ಎಚ್ಚರವಿರುವ ಡ್ಯಾಶ್‌ಕ್ಯಾಮ್ 250 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 6 ಆಂಪಿಯರ್-ಅವರ್ ಹೋಗುತ್ತದೆ, ಸಣ್ಣ ಬ್ಯಾಟರಿ ಮೂರೇ ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಜಿಪಿಎಸ್ ಟ್ರ್ಯಾಕರ್, ಹೊರಗಿನ ಅಂಗಡಿಯಲ್ಲಿ ಕೂರಿಸಿದ ಸ್ಟೀರಿಯೊ, ಆಂಪ್ಲಿಫೈಯರ್, ಸೀಟಿನ ಕೆಳಗಿನ ಬಣ್ಣದ ದೀಪಗಳು ಇವುಗಳ ವೈರನ್ನು ನೇರ ಬ್ಯಾಟರಿಗೆ ಎಳೆದಿದ್ದರೆ ಕೀಲಿ ತೆಗೆದರೂ ಅವು ಆರುವುದಿಲ್ಲ. ಗ್ಲವ್ ಬಾಕ್ಸಿನ ದೀಪ, ಸರಿಯಾಗಿ ಮುಚ್ಚದ ಡಿಕ್ಕಿಯ ದೀಪ ಇವು ಕಣ್ಣಿಗೆ ಬೀಳದೆ ಉರಿಯುತ್ತಿರುತ್ತವೆ. ಕೀಲಿರಹಿತ ಪ್ರವೇಶವಿರುವ ಕಾರಿನ ರಿಮೋಟನ್ನು ಕಾರಿನ ಒಳಗೋ ಪಕ್ಕದ ಗೋಡೆಯ ಮೊಳೆಗೋ ಬಿಟ್ಟರೆ ಕಾರು ಅದನ್ನು ಗುರುತಿಸುತ್ತ ಮತ್ತೆ ಮತ್ತೆ ಎಚ್ಚರಗೊಳ್ಳಬಹುದು. ರಿಮೋಟು ಕಾರಿನಿಂದ ದೂರ, ಮನೆಯ ಬೀರುವಿನಲ್ಲಿರಲಿ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಬಗ್ಗೆ ಕೆಲವರು ಅನುಮಾನ ಪಡುವುದುಂಟು. ಅದಕ್ಕೆ ಬೇಕಾದ ಶಕ್ತಿ ಟೋಲ್ ಗೇಟಿನ ರೀಡರಿನಿಂದಲೇ ಬರುವುದರಿಂದ ಅದು ಕಾರಿನ ಬ್ಯಾಟರಿಯನ್ನು ಮುಟ್ಟುವುದೇ ಇಲ್ಲ.

ಕಾರು ನಿಲ್ಲುವುದು ಎರಡು ವಾರದೊಳಗಾದರೆ, ಬ್ಯಾಟರಿ ಚೆನ್ನಾಗಿದ್ದರೆ, ಡ್ಯಾಶ್‌ಕ್ಯಾಮಿನ ಪ್ಲಗ್ ಕೀಳುವುದರ ಹೊರತು ಏನೂ ಮಾಡಬೇಕಾಗಿಲ್ಲ. ಎರಡು ವಾರದಿಂದ ಒಂದು ತಿಂಗಳವರೆಗೆ ನಂಬಿಕಸ್ಥರೊಬ್ಬರು ಓಡಿಸಿಕೊಂಡು ಬರುವುದಾದರೆ ಒಳ್ಳೆಯದು. ಹತ್ತು ದಿನಕ್ಕೊಮ್ಮೆ, ಎಸಿ ಹಾಕದೆ, ರಿಂಗ್ ರೋಡಿನಂತಹ ತಡೆಯಿಲ್ಲದ ದಾರಿಯಲ್ಲಿ 45 ನಿಮಿಷವಾದರೂ ಓಡಬೇಕು. ಹಾಲಿನ ಬೂತಿಗೆ ಹೋಗಿ ಬಂದರೆ ಆ ಲೆಕ್ಕ ತುಂಬುವುದಿಲ್ಲ. ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲುವ ಕಾರಿಗೆ ಮೈನಸ್ ಟರ್ಮಿನಲ್ ಬಿಚ್ಚಿಡುವುದೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ಮತ್ತು ಭರವಸೆಯ ದಾರಿ.

ಬಿಚ್ಚುವ ಮೊದಲು ಬ್ಯಾಟರಿ ತುಂಬಿರಬೇಕು ಎಂಬುದನ್ನು ಅನೇಕರು ಮರೆಯುತ್ತಾರೆ. ಊರೊಳಗಿನ ಟ್ರಾಫಿಕ್ಕಿನಲ್ಲಿ ತುಂಡು ತುಂಡಾಗಿ ಓಡಿದ ಕಾರಿನ ಬ್ಯಾಟರಿ ಪೂರ್ತಿ ತುಂಬಿರುವುದು ಅಪರೂಪ. ಹೊರಡುವ ಮುನ್ನಾದಿನ ಹೆದ್ದಾರಿಯಲ್ಲಿ ಒಂದೆರಡು ಗಂಟೆ ಓಡಿಸಬೇಕು, ಇಲ್ಲವೇ ಬ್ಯಾಟರಿ ಅಂಗಡಿಯಲ್ಲಿ ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಮಾಡಿಸಬೇಕು. ಅಂಗಡಿಗೆ ಹೋದಾಗಲೇ ಲೋಡ್ ಟೆಸ್ಟ್ ಮಾಡಿಸಿದರೆ ಅದು ಇನ್ನೂ ಆರು ತಿಂಗಳು ಬಾಳುವ ಬ್ಯಾಟರಿಯೇ ಎಂಬುದು ತಿಳಿಯುತ್ತದೆ. ಮನೆಯಲ್ಲಿ ನೋಡುವುದಾದರೆ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಕಾರು ನಿಲ್ಲಿಸಿ ರಾತ್ರಿ ಕಳೆದ ಮೇಲೆ, ಬೆಳಿಗ್ಗೆ ಎರಡು ಟರ್ಮಿನಲ್ಲುಗಳ ನಡುವೆ 12.6 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚು ತೋರಿಸಿದರೆ ಬ್ಯಾಟರಿ ತುಂಬಿದೆ, 12.4 ಎಂದರೆ ಮುಕ್ಕಾಲು, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಎಂದರೆ ಬಹುತೇಕ ಬರಿದು. ಎಂಜಿನ್ ಆಫ್ ಮಾಡಿದ ಕೂಡಲೇ ಅಳೆದರೆ ಅಂಕಿ ಹುಸಿಯಾಗಿ ಹೆಚ್ಚು ತೋರುತ್ತದೆ.

ಮೇಲೆ ಬಿರಡೆಗಳಿರುವ ಬ್ಯಾಟರಿಯಾದರೆ ನೀರಿನ ಮಟ್ಟವನ್ನೂ ನೋಡಿ, ಕಡಿಮೆಯಿದ್ದರೆ ಬ್ಯಾಟರಿ ನೀರನ್ನೇ, ಅಂದರೆ ಡಿಸ್ಟಿಲ್ಡ್ ವಾಟರನ್ನೇ ಗುರುತಿನವರೆಗೆ ಹಾಕಬೇಕು. ಮನೆಯ ಆರ್‌ಒ ಫಿಲ್ಟರಿನ ನೀರಿನಲ್ಲಿ ಲವಣಾಂಶ ಉಳಿದೇ ಇರುವುದರಿಂದ ಅದು ಆಗುವುದಿಲ್ಲ. ಮಂಗಳೂರು, ಕಾರವಾರದಂತಹ ಕಡಲ ಬದಿಯ ಊರುಗಳಲ್ಲಿ ಟರ್ಮಿನಲ್ಲಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಬೇಗ ಕಟ್ಟುತ್ತದೆ. ಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಸವರಿದರೆ ಸಾಕು; ಆ ಸೋಡಾ ನೀರು ಬಿರಡೆಗಳೊಳಗೆ ಇಳಿಯದಂತೆ ನೋಡಿಕೊಳ್ಳಬೇಕು.

ಬಿಚ್ಚುವ ಕೆಲಸದಲ್ಲಿ ಕ್ರಮ ಮುಖ್ಯ. ಮೊದಲು ಕಿಟಕಿಗಳನ್ನು ಪೂರ್ತಿ ಏರಿಸಿ, ಡಿಕ್ಕಿಯಿಂದ ಬೇಕಾದದ್ದನ್ನು ತೆಗೆದುಕೊಂಡು, ರಿಮೋಟಿನೊಳಗೆ ಅಡಗಿರುವ ಲೋಹದ ಕೀಲಿಯಿಂದ ಚಾಲಕನ ಬಾಗಿಲು ನಿಜಕ್ಕೂ ತೆರೆದು ಮುಚ್ಚುತ್ತದೆಯೇ ಎಂದು ಪರೀಕ್ಷಿಸಬೇಕು, ಏಕೆಂದರೆ ವಿದ್ಯುತ್ ಹೋದ ಮೇಲೆ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಕೆಲವು ದುಬಾರಿ ಕಾರುಗಳಲ್ಲಿ ಬ್ಯಾಟರಿ ಡಿಕ್ಕಿಯಲ್ಲಿರುತ್ತದೆ, ಡಿಕ್ಕಿಯ ಬೀಗವೋ ವಿದ್ಯುತ್ತಿನದು. ಅಂತಹ ಕಾರಿನಲ್ಲಿ ಕೈಪಿಡಿ ಓದದೆ ಮುಂದುವರಿಯಬಾರದು. ಇಗ್ನಿಷನ್ ಆಫ್ ಮಾಡಿ ಐದಾರು ನಿಮಿಷ ಕಾದ ಮೇಲೆ ಬಾನೆಟ್ ಎತ್ತಿ, ಮೈನಸ್ ಗುರುತಿನ, ಸಾಮಾನ್ಯವಾಗಿ ಕಪ್ಪು ವೈರಿನ ಕ್ಲ್ಯಾಂಪನ್ನು ಹುಡುಕಿ. ಬಹುತೇಕ ಕಾರುಗಳಲ್ಲಿ ಅದರ ನಟ್ಟಿಗೆ 10 ನಂಬರಿನ ಸ್ಪ್ಯಾನರ್ ಹಿಡಿಯುತ್ತದೆ. ನಟ್ಟನ್ನು ಪೂರ್ತಿ ಕಳಚುವುದು ಬೇಡ, ಮೂರು ನಾಲ್ಕು ಸುತ್ತು ಸಡಿಲಿಸಿ ಕ್ಲ್ಯಾಂಪನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತ ಮೇಲಕ್ಕೆತ್ತಿದರೆ ಬರುತ್ತದೆ; ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಬ್ಯಾಟರಿಯ ಸೀಸದ ಕಂಬವೇ ಅಲುಗಾಡಿ ಹೋಗುತ್ತದೆ. ಕ್ಲ್ಯಾಂಪಿಗೆ ಹಳೆಯ ಒಣ ಹತ್ತಿ ಬಟ್ಟೆ ಸುತ್ತಿ, ಅದು ತಾನಾಗಿ ಮತ್ತೆ ಕಂಬಕ್ಕೆ ತಾಗದಂತೆ ಪಕ್ಕಕ್ಕೆ ಬಾಗಿಸಿ ಕಟ್ಟಿಡಬೇಕು.

ಪ್ಲಸ್ ಬಿಟ್ಟು ಮೈನಸ್ಸನ್ನೇ ಏಕೆ ಬಿಚ್ಚಬೇಕೆಂದರೆ, ಕಾರಿನ ಲೋಹದ ಮೈಯೆಲ್ಲವೂ ಮೈನಸ್ಸಿಗೆ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿತೆಂದರೆ ನೂರಾರು ಆಂಪಿಯರ್ ಆ ಸ್ಪ್ಯಾನರಿನ ಮೂಲಕವೇ ಹರಿದು ಕಿಡಿ ಹಾರಿ ಕೈ ಸುಡುತ್ತದೆ. ಮೈನಸ್ ಬಿಚ್ಚುವಾಗ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ. ಕೈಯಲ್ಲಿ ಉಂಗುರ, ಬಳೆ, ಕಡಗವಿದ್ದರೆ ತೆಗೆದಿಡುವುದು ಕ್ಷೇಮ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗುವ ಎಂಜಿನ್ನಿನ ಕಾರುಗಳಲ್ಲಿ ಮೈನಸ್ ಕ್ಲ್ಯಾಂಪಿಗೆ ಸಣ್ಣ ಸೆನ್ಸರ್ ಪೆಟ್ಟಿಗೆಯೊಂದು ಅಂಟಿಕೊಂಡಿರುವುದುಂಟು. ಅದನ್ನು ಹಿಡಿದು ಎಳೆಯಬಾರದು, ಕೈಪಿಡಿ ತೋರಿಸುವ ಜಾಗದಲ್ಲಿಯೇ ಬಿಚ್ಚಬೇಕು. ಹೀಗೆ ಬಿಚ್ಚಿದ ಮೇಲೆ ಕಾರಿನ ಅಲಾರಂ ಮತ್ತು ಕಂಪನಿ ಕೂರಿಸಿದ ಟ್ರ್ಯಾಕರ್ ಕೆಲಸ ಮಾಡುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಹೋಗಬೇಕು. ಕಾವಲಿರುವ ಅಪಾರ್ಟ್‌ಮೆಂಟಿನಲ್ಲಿ ಇದು ದೊಡ್ಡ ಚಿಂತೆಯಲ್ಲ, ರಸ್ತೆ ಬದಿಯಲ್ಲಿ ನಿಲ್ಲುವ ಕಾರಿಗೆ ಯೋಚಿಸಬೇಕಾದ ಮಾತು.

ಬಿಚ್ಚಿಟ್ಟ ಬ್ಯಾಟರಿಯೂ ತನ್ನಷ್ಟಕ್ಕೆ ಸ್ವಲ್ಪ ಸೋರುತ್ತದೆ. ಬೆಂಗಳೂರು, ಮೈಸೂರಿನ ಹವೆಯಲ್ಲಿ ಆರೋಗ್ಯವಂತ ಬ್ಯಾಟರಿ ತಿಂಗಳಿಗೆ ಶೇಕಡಾ 3ರಿಂದ 5ರಷ್ಟು ಕಳೆದುಕೊಂಡೀತು, ಆದ್ದರಿಂದ ತುಂಬಿಸಿಟ್ಟರೆ ಆರು ತಿಂಗಳ ಬಳಿಕವೂ ಕಾರು ಸ್ಟಾರ್ಟ್ ಆಗುವಷ್ಟು ಶಕ್ತಿ ಉಳಿದಿರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ಸೋರಿಕೆ ಸುಮಾರು ಎರಡು ಪಟ್ಟಾಗುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಶೆಡ್ಡಿನ ಕೆಳಗೆ ನಿಂತ ಕಾರಿಗೆ ಎರಡು ಮೂರು ತಿಂಗಳಿಗೊಮ್ಮೆ ಯಾರಾದರೂ ವೋಲ್ಟೇಜ್ ನೋಡಿ, 12.4ಕ್ಕಿಂತ ಇಳಿದಿದ್ದರೆ ಚಾರ್ಜ್ ಮಾಡಿಸಬೇಕು.

ಸ್ವಂತ ಗ್ಯಾರೇಜಿದ್ದು, ಅಲ್ಲೊಂದು ಪ್ಲಗ್ ಪಾಯಿಂಟ್ ಇದ್ದರೆ ಟರ್ಮಿನಲ್ ಬಿಚ್ಚುವ ಬದಲು ಮೇಂಟೆನೆನ್ಸ್ ಚಾರ್ಜರ್ ಹಾಕಿಡಬಹುದು. ಇದು ಬ್ಯಾಟರಿ ತುಂಬಿದ ಮೇಲೆ ತಾನಾಗಿ 13.5 ವೋಲ್ಟಿನ ಆಸುಪಾಸಿಗೆ ಇಳಿದು ಸೋರಿದಷ್ಟನ್ನೇ ತುಂಬುತ್ತದೆ. ತಾನಾಗಿ ಇಳಿಯದ ಹಳೆಯ ಮಾದರಿಯ ಚಾರ್ಜರನ್ನು ತಿಂಗಳುಗಟ್ಟಲೆ ಬಿಟ್ಟರೆ ನೀರು ಆರಿ ಬ್ಯಾಟರಿ ಸುಟ್ಟುಹೋಗುತ್ತದೆ. ಮನೆಯ ಯುಪಿಎಸ್ಸಿನ ವೈರನ್ನು ಕಾರಿಗೆ ಎಳೆಯುವ ಸಾಹಸವೂ ಬೇಡ, ಅದು ದೊಡ್ಡ ಟ್ಯೂಬ್ಯುಲರ್ ಬ್ಯಾಟರಿಗೆಂದು ಮಾಡಿದ ಯಂತ್ರ. ಅಂಗಳದಲ್ಲಿ ಬಿಸಿಲಿಗೆ ನಿಲ್ಲುವ ಕಾರಿಗೆ ಡ್ಯಾಶ್‌ಬೋರ್ಡಿನ ಮೇಲಿಡುವ ಸಣ್ಣ ಸೋಲಾರ್ ಫಲಕವೂ ನೆರವಾದೀತು. ಆದರೆ ಅನೇಕ ಕಾರುಗಳ 12 ವೋಲ್ಟ್ ಸಾಕೆಟ್ ಕೀಲಿ ತೆಗೆದ ಕೂಡಲೇ ಸತ್ತುಹೋಗುವುದರಿಂದ ಅದರ ವೈರನ್ನು ಬ್ಯಾಟರಿಗೇ ಜೋಡಿಸಬೇಕಾಗುತ್ತದೆ. ಕಾರಿನ ಮೇಲೆ ಕವರ್ ಹೊದಿಸಿ ಒಳಗೆ ಸೋಲಾರ್ ಇಟ್ಟರೆ ಏನು ಪ್ರಯೋಜನವೆಂದು ಹೇಳಬೇಕಾಗಿಲ್ಲ.

ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿಯೂ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದಿರುತ್ತದೆ, ಅದು ಬರಿದಾದರೆ ದೊಡ್ಡದರಲ್ಲಿ ಎಷ್ಟೇ ಚಾರ್ಜ್ ಇದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಫೋನಿನ ಆ್ಯಪ್ ತೆರೆದು ಕಾರಿನ ಸ್ಥಿತಿ ಪದೇ ಪದೇ ನೋಡಿದರೆ ಕಾರು ಪ್ರತಿ ಬಾರಿ ಎಚ್ಚರಗೊಂಡು ಆ ಸಣ್ಣ ಬ್ಯಾಟರಿಯನ್ನೇ ತಿನ್ನಬಹುದು. ಇಂತಹ ಕಾರುಗಳಲ್ಲಿ ಬಿಚ್ಚುವ ವಿಧಾನ ಮಾದರಿಯಿಂದ ಮಾದರಿಗೆ ಬೇರೆಯಾದ್ದರಿಂದ ಕಂಪನಿಯ ಕೈಪಿಡಿಯನ್ನು ಮೀರಿ ಏನೂ ಮಾಡಬಾರದು.

ಊರಿಗೆ ಮರಳಿದ ಮೇಲೆ ಕ್ಲ್ಯಾಂಪ್ ಸಿಕ್ಕಿಸುವ ಮೊದಲೇ ವೋಲ್ಟೇಜ್ ನೋಡಿ. 12.4 ಅಥವಾ ಮೇಲಿದ್ದರೆ ಮೈನಸ್ ಕ್ಲ್ಯಾಂಪನ್ನು ಒಂದೇ ಸಲಕ್ಕೆ ಗಟ್ಟಿಯಾಗಿ ಕೂರಿಸಿ ನಟ್ಟು ಬಿಗಿಯಬೇಕು. ತಾಗಿಸಿ ಎತ್ತುವ ಆಟ ಎಲೆಕ್ಟ್ರಾನಿಕ್ಸಿಗೆ ಒಳ್ಳೆಯದಲ್ಲ. ಎರಡೂ ಟರ್ಮಿನಲ್ ಬಿಚ್ಚಿದ್ದರೆ ಪ್ಲಸ್ ಮೊದಲು, ಮೈನಸ್ ಕೊನೆಗೆ. ಗಡಿಯಾರ ಸರಿಪಡಿಸಬೇಕಾಗುತ್ತದೆ, ಕೆಲವು ಸ್ಟೀರಿಯೊಗಳು ಕೋಡ್ ಕೇಳುತ್ತವೆ, ಕಿಟಕಿಯ ಒಂದೇ ಒತ್ತಿನ ಏರಿಳಿತ ಮರೆತುಹೋಗಿದ್ದರೆ ಗಾಜನ್ನು ಮೇಲೇರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಎಳೆದು ಹಿಡಿದರೆ ಬಹಳಷ್ಟು ಕಾರುಗಳಲ್ಲಿ ಸರಿಹೋಗುತ್ತದೆ. ಮೀಟರ್ 12ಕ್ಕಿಂತ ಕೆಳಗೆ ತೋರಿಸಿದರೆ ಪಕ್ಕದ ಕಾರಿನಿಂದ ಕೇಬಲ್ ಹಾಕಿ ಎಬ್ಬಿಸುವ ಅವಸರ ಬೇಡ. ಬ್ಯಾಟರಿಯನ್ನು ಅಂಗಡಿಗೆ ಕೊಟ್ಟು ಕಡಿಮೆ ಆಂಪಿಯರಿನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ಒಂದು ದಿನ ಸುಮ್ಮನೆ ಇಟ್ಟು ಮತ್ತೆ ಅಳೆಯಬೇಕು, ಆಗಲೂ 12.4ಕ್ಕಿಂತ ಕೆಳಗಿಳಿದಿದ್ದರೆ ಅದನ್ನು ಹಳೆಯ ಬ್ಯಾಟರಿಯ ಬೆಲೆಗೆ ಅಂಗಡಿಯಲ್ಲೇ ಬಿಟ್ಟು ಹೊಸದನ್ನು ತರುವುದು ಸರಿ.