ಕಂಪ್ಯೂಟರ್ ಹಾಡು ಸಪ್ಪೆ ಎನಿಸುತ್ತಿದೆಯೇ? ಮೊದಲು ಸ್ಪೀಕರ್ ಜಾಗ ಬದಲಿಸಿ

ಕಂಪ್ಯೂಟರ್‌ನಲ್ಲಿ ಹಾಕಿದ ಹಾಡು ಚೆನ್ನಾಗಿ ಕೇಳುತ್ತಿಲ್ಲ ಎಂದರೆ ಹೆಚ್ಚಿನವರು ತಕ್ಷಣ ಹೊಸ ಸ್ಪೀಕರ್ ಹುಡುಕಲು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ದುಡ್ಡು ಖರ್ಚಿಲ್ಲದ ಕೆಲಸಗಳೇ ಬೇಕಾದಷ್ಟಿವೆ, ಜಾಸ್ತಿ ಫಲ ಸಿಗುವುದೂ ಅವುಗಳಿಂದಲೇ.

1. ಸ್ಪೀಕರ್ ಎಲ್ಲಿಡಬೇಕು?

ಎರಡು ಸ್ಪೀಕರ್‌ಗಳ ನಡುವೆ ಎಷ್ಟು ದೂರವಿದೆಯೋ, ಪ್ರತಿಯೊಂದರಿಂದ ನಿಮ್ಮ ತಲೆಗೂ ಹೆಚ್ಚುಕಡಿಮೆ ಅಷ್ಟೇ ದೂರ ಇರಲಿ. ಎರಡನ್ನೂ ನಿಮ್ಮ ಕಡೆಗೆ ಸ್ವಲ್ಪ ತಿರುಗಿಸಿ. ಮೇಲಿನ ಚಿಕ್ಕ ಕೋನ್, ಅಂದರೆ ಟ್ವೀಟರ್, ಕಿವಿಯ ಎತ್ತರಕ್ಕೆ ಬರಬೇಕು. ಮೇಜು ತಗ್ಗಾಗಿದ್ದರೆ ಅಡಿಯಲ್ಲಿ ದಪ್ಪ ಪುಸ್ತಕ ಇಡಿ. ಮೂಲೆಗೆ ತಳ್ಳಿದ ಸ್ಪೀಕರ್‌ನಲ್ಲಿ ಬೇಸ್, ಅಂದರೆ ತಗ್ಗಿನ ಸ್ವರ, ಉಬ್ಬುತ್ತದೆ. ಮೃದಂಗದ ಎಡಗೈ ಪೆಟ್ಟುಗಳು ಬೇರೆಬೇರೆಯಾಗಿ ಕೇಳದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗೋಡೆಯಿಂದ ಒಂದು ಅಡಿ ಮುಂದೆ ತಂದು ಕೇಳಿ ನೋಡಿ.

ಈಗ ಸ್ಟೀರಿಯೊದಲ್ಲಿ ಧ್ವನಿಮುದ್ರಿಸಿದ ಒಂದು ಸಂಗೀತ ಕಚೇರಿ ಹಾಕಿ. ಹಾಡುವವರ ಧ್ವನಿ ಎರಡು ಸ್ಪೀಕರ್‌ಗಳ ನಟ್ಟನಡುವಿನಿಂದ ಬರುವಂತೆ ಕೇಳಿಸಬೇಕು. ಧ್ವನಿ ಎಲ್ಲೆಲ್ಲೋ ಹರಡಿ, ಬೇಸ್ ಮಾಯವಾಗಿದ್ದರೆ ಆಂಪ್ಲಿಫೈಯರ್ ಹಿಂದೆ ನೋಡಿ. ಒಂದು ಸ್ಪೀಕರ್‌ನ ಕೆಂಪು, ಕಪ್ಪು ವೈರುಗಳು ಅದಲುಬದಲಾಗಿರಬಹುದು. ಆಗ ಒಂದು ಸ್ಪೀಕರ್ ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ತಗ್ಗಿನ ಸ್ವರಗಳು ಪರಸ್ಪರ ಕಳೆದುಹೋಗುತ್ತವೆ.

2. ಕೋಣೆ

ನಮ್ಮ ಮನೆಗಳಲ್ಲಿ ಸಿಮೆಂಟ್ ಗೋಡೆ, ಟೈಲ್ಸ್ ನೆಲ. ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಟಣ್ ಎಂಬ ಬಾಲ ಉಳಿದರೆ ಹಾಡಿಗೂ ಅದೇ ಗತಿ. ದಪ್ಪ ಪರದೆ, ನೆಲಕ್ಕೆ ಜಮಖಾನ, ಪುಸ್ತಕದ ಕಪಾಟು, ಇಷ್ಟಿದ್ದರೂ ಎಷ್ಟೋ ವಾಸಿ.

3. ಕಂಪ್ಯೂಟರ್ ಒಳಗೆ

ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ (ಧ್ವನಿಯನ್ನು ತಾನಾಗಿ ತಿದ್ದುವ ಸೌಲಭ್ಯ) ಇದ್ದರೆ ಆಫ್ ಮಾಡಿ. ಸಿ.ಡಿ. ಗುಣಮಟ್ಟ ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್ (ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದ ಅಂಕಿಗಳು), ಹೆಚ್ಚಾಗಿ ಹಾಡನ್ನೇ ಕೇಳುವವರು ಔಟ್‌ಪುಟ್ಟನ್ನೂ 44.1ಕ್ಕೆ ಇಟ್ಟುಕೊಳ್ಳಬಹುದು.

ಫೈಲ್ ಕೆಟ್ಟದ್ದಾಗಿದ್ದರೆ ಯಾವ ಸೆಟ್ಟಿಂಗೂ ಕಾಪಾಡುವುದಿಲ್ಲ. ಎಂ.ಪಿ.3 ಫೈಲನ್ನು ಚಿಕ್ಕದಾಗಿಸಲು ಧ್ವನಿಯ ಸ್ವಲ್ಪ ಭಾಗವನ್ನು ಬಿಟ್ಟುಬಿಡುತ್ತದೆ, ಫ್ಲಾಕ್ ಏನನ್ನೂ ಬಿಡದೆ ಉಳಿಸುತ್ತದೆ. ಆದರೆ 128 ಕೆ.ಬಿ.ಪಿ.ಎಸ್. (ಸೆಕೆಂಡಿಗೆ 128 ಕಿಲೋಬಿಟ್) ಎಂ.ಪಿ.3ಯನ್ನು ಫ್ಲಾಕ್‌ಗೆ ಬದಲಿಸಿದರೆ ಫೈಲ್ ದಪ್ಪವಾಗುತ್ತದೆ ಅಷ್ಟೇ, ಹೋದದ್ದು ಮರಳಿ ಬರುವುದಿಲ್ಲ. ಸಿ.ಡಿ. ಇದ್ದರೆ ಅದರಿಂದಲೇ ಫ್ಲಾಕ್ ಮಾಡಿಕೊಳ್ಳಿ.

ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಮೀಟಿಂಗ್ ಶುರುವಾದ ಕೂಡಲೇ ಹಾಡು ಹಳೇ ಟೆಲಿಫೋನಿನಂತೆ ಕೇಳುವುದುಂಟು ಅಲ್ವಾ? ಮೈಕ್ ಆನ್ ಆದಾಗ ಅದು ಸಾಮಾನ್ಯವಾಗಿ ಮಾತಿನ ಮಟ್ಟಕ್ಕೆ ಇಳಿಯುತ್ತದೆ. ಮೈಕ್ ಬೇರೆ ಇಟ್ಟುಕೊಳ್ಳಿ, ಇಲ್ಲವೇ ವೈರ್ ಬಳಸಿ.

4. ಗುಂಯ್ ಸದ್ದು

ಲ್ಯಾಪ್‌ಟಾಪ್‌ನ ಚಾರ್ಜರ್ ತೆಗೆದು ಕೇಳಿ. ಸದ್ದು ನಿಂತರೆ ಅದು ಹೆಚ್ಚಾಗಿ ಅರ್ತಿಂಗ್ ಸುತ್ತಿನ (ಗ್ರೌಂಡ್ ಲೂಪ್) ತೊಂದರೆ, ಅಂದರೆ ಉಪಕರಣಗಳು ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ತ್‌ಗೆ ಸೇರಿರುವುದು. ಕಂಪ್ಯೂಟರ್, ಸ್ಪೀಕರ್ ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿ. ಅರ್ತ್ ಪಿನ್ ಮುರಿದು ಸದ್ದು ನಿಲ್ಲಿಸುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ, ಶಾಕ್ ಹೊಡೆದು ಜೀವಕ್ಕೇ ಅಪಾಯ. ಡೆಸ್ಕ್‌ಟಾಪ್‌ನ ಮುಂಭಾಗದ ಜ್ಯಾಕ್‌ನಲ್ಲಿ ಕಿರಿಕಿರಿ ಇದ್ದರೆ ಹಿಂಭಾಗದ ಹಸಿರು ಜ್ಯಾಕ್‌ಗೆ ಬದಲಿಸಿ. ಮುಂದಿನ ಜ್ಯಾಕ್‌ಗೆ ಹೋಗುವ ವೈರ್ ಕ್ಯಾಬಿನೆಟ್ ಒಳಗಿನ ವಿದ್ಯುತ್ ಗದ್ದಲವನ್ನು ಹೀರಿಕೊಳ್ಳುತ್ತದೆ.

5. ಕೊನೆಗೆ ಡ್ಯಾಕ್

ಇಷ್ಟಾದ ಮೇಲೂ ಮೌಸ್ ಅಲುಗಾಡಿಸಿದಾಗ ಚಿರ್ರ್ ಎನ್ನುವ ಸದ್ದು ಇದ್ದರೆ ಯು.ಎಸ್.ಬಿ. ಡ್ಯಾಕ್ ತನ್ನಿ. ಡ್ಯಾಕ್‌ನ ಕೆಲಸ, ಅಂದರೆ ಡಿಜಿಟಲ್ ಅಂಕಿಗಳನ್ನು ಸ್ಪೀಕರ್‌ಗೆ ಬೇಕಾದ ವಿದ್ಯುತ್ ಅಲೆಯಾಗಿ ಮಾಡುವುದು, ಆಗ ಮದರ್‌ಬೋರ್ಡ್‌ನಿಂದ ಹೊರಗೆ ನಡೆಯುತ್ತದೆ. ಮನೆಯಲ್ಲಿ ಕೇಳಲು ಸಾಧಾರಣ ಬೆಲೆಯದೇ ಸಾಕು, ದುಬಾರಿ ಯು.ಎಸ್.ಬಿ. ಕೇಬಲ್ ಮಾತ್ರ ಬೇಡವೇ ಬೇಡ. ಸಿಕ್ಕಿಸಿದ ಮೇಲೆ ಸೌಂಡ್ ಸೆಟ್ಟಿಂಗ್‌ನಲ್ಲಿ ಅದನ್ನೇ ಔಟ್‌ಪುಟ್ ಆಗಿ ಆರಿಸಿ. ಇಲ್ಲವಾದರೆ ಹಾಡು ಹಳೆಯ ದಾರಿಯಲ್ಲೇ ಹೋಗುತ್ತಿರಬಹುದು.